ವಾರಗಿತ್ತಿ ಓದಿದ ಕಾದಂಬರಿಗಳು

ಕನ್ನಡದ ಕಾದಂಬರಿಕಾರರಲ್ಲಿ ನನ್ನದೊಂದು ಹಂಬಲ್ ರಿಕ್ವೆಸ್ಟ್. ನೀವು ಯಾರಾದರೂ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋಗುವುದಿದ್ದರೆ, ಕಿಟಕಿ ಪಕ್ಕ ಕೂತು, ಹೊಗೆಸೊಪ್ಪಿನ ಹೊಲಗಳನ್ನು ನೋಡಿ, ಒಂದು ನಿಟ್ಟುಸಿರು ಬಿಟ್ಟು, ಹಾಗೆಯೇ ಮುಂದೆ ಹೋಗಿಬಿಡಿ. ನಮ್ಮೂರ ಗೇಟಿನಲ್ಲಿ ಮಾತ್ರ ಇಳಿಯಬೇಡಿ! ಅಲ್ಲಿ ನನ್ನ ವಾರಗಿತ್ತಿ ಇದ್ದಾಳೆ. ನಿಮ್ಮ ಪುಸ್ತಕ ಓದಿದ್ದಾಳೆ. ನಿಮ್ಮನ್ನು ಒಂದೆರಡು ಮಾತು ಕೇಳುವುದಿದೆಯಂತೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ಹಿರಿಯಳು, ಗಾತ್ರದಲ್ಲಿ ಹಿರಿಯಳು, ಗಂಟಲಿನಲ್ಲಂತೂ ಕೇಳಲೇಬೇಡಿ. ಎದುರಿಗೆ ನಾನು 'ಅಕ್ಕ, ನೀವು' ಎನ್ನುತ್ತೇನೆ, ಬೆನ್ನ ಹಿಂದೆ 'ಅವಳು'. ಈ ಬರಹ ಬೆನ್ನ ಹಿಂದಿನದು, ಆದ್ದರಿಂದ ಏಕವಚನ. ಅವಳು ನನ್ನನ್ನು ಎದುರಿಗೂ ಹಿಂದೆಯೂ ಕರೆಯುವುದು ಒಂದೇ ಹೆಸರಿನಿಂದ: "ಕಾನ್ವೆಂಟು!" ಮೈಸೂರಿನಲ್ಲಿ ಸಿಸ್ಟರ್‌ಗಳ ಹತ್ತಿರ ಓದಿದ್ದು ನಾನು ಮಾಡಿದ ಮೊದಲ ತಪ್ಪು. ಎರಡನೆಯ ತಪ್ಪು ಮದುವೆ. ರೆಸಿಟೇಶನ್‌ನಲ್ಲಿ ಗೆದ್ದ ಒಂದು ಬೆಳ್ಳಿ ಬಣ್ಣದ ಕಪ್ಪನ್ನು ಟ್ರಂಕಿನಲ್ಲಿಟ್ಟುಕೊಂಡು ಈ ಮನೆಗೆ ಬಂದೆ. ನಮ್ಮತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹುಣಸೆಹಣ್ಣು ನೆನೆಹಾಕುವುದಕ್ಕೆ ಇಟ್ಟುಕೊಂಡರು. ವರ್ಷ ತುಂಬುವುದರೊಳಗೆ ಪಾಲಿಶ್ ಎಲ್ಲ ಕಿತ್ತುಹೋಗಿ ಒಳಗಿನ ತಗಡು ಕಾಣಿಸಿತು. ನನಗೂ ಅಷ್ಟೇ ಟೈಮ್ ಹಿಡಿಯಿತು ಎನ್ನಿ.

ನಾನು ಇಂಗ್ಲಿಷ್ ಕಾದಂಬರಿ ಓದುತ್ತಿದ್ದವಳು. ಆದರೆ ಓದಿದ್ದನ್ನು ಯಾರಿಗಾದರೂ ಹೇಳಬೇಕಲ್ಲ? ಗಂಡನಿಗೆ ಹೇಳಿದರೆ "ಹೂಂ, ಸೊಪ್ಪು ಮುರಿಯೋರು ಬಂದ್ರಾ ನೋಡು" ಎನ್ನುತ್ತಿದ್ದರು. ಹೀಗಾಗಿ ಕನ್ನಡಕ್ಕೆ ಇಳಿದೆ. ಇಳಿದೆ ಎಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಆಗ ಹಾಗೇ ಅಂದುಕೊಂಡಿದ್ದೆ, ಸ್ಟುಪಿಡ್ ಹುಡುಗಿ. ಪುಸ್ತಕಗಳನ್ನು ತರಿಸಿಕೊಂಡು, ಕೋಣೆ ಬಾಗಿಲು ಮುಚ್ಚಿಕೊಂಡು, ಯಾರಿಗೂ ಹೇಳದೆ ಓದುತ್ತಾ ಮುದುಕಿಯಾದೆ. ಮಕ್ಕಳಿಲ್ಲ. ಗಂಡನೂ ಹೋದರು. ಮನೆ ಭಾಗವಾಗಿ ಎರಡು ಅಡಿಗೆಮನೆ ಆಗಿದೆ. ಹಿತ್ತಲು ಮಾತ್ರ ಒಂದೇ. ಭಾವನವರು ಅದನ್ನು ಅಳೆಯುವುದಕ್ಕೆ ಟೇಪು ತಂದಿದ್ದರು. ಅವಳೇ ಬೇಡವೆಂದಳು. "ಹಿತ್ತಲ ಮಧ್ಯಕ್ಕೆ ಗ್ವಾಡೆ ಹಾಕುದ್ರೆ ನಾನು ಯಾರ್ ಕುಟ್ಟೆ ಜಗಳಾಡ್ಲಿ?"

ಅವಳು ಓದಲು ಶುರು ಮಾಡಿದ್ದು ಕೊರೋನಾ ಕಾಲದಲ್ಲಿ. ಟಿವಿಯವರು ಹೊಸ ಸೀರಿಯಲ್ ತೋರಿಸುವುದನ್ನು ನಿಲ್ಲಿಸಿ, ಹಳೆಯದನ್ನೇ ತಿರುಗಿಸಿ ತಿರುಗಿಸಿ ಹಾಕತೊಡಗಿದಾಗ, ಒಂದು ಮಧ್ಯಾಹ್ನ ಹಿತ್ತಲಿನಿಂದ ಕೂಗಿದಳು.

"ಏ ಕಾನ್ವೆಂಟು! ನಿನ್ ಬೀರು ತುಂಬ ಪುಸ್ತಕ ಅವಲ್ಲ, ಅದ್ರಲ್ಲಿ ಮನೆ ಜಗಳ ಇರೋದು ಒಂದು ಕೊಡು."

ಕೊಟ್ಟೆ. ಮಾರನೆಯ ದಿನವೇ ವಾಪಸ್ ಬಂತು, ಅರಿಶಿನದ ಬೆರಳಚ್ಚಿನ ಸಮೇತ. ಜೊತೆಗೆ ತೀರ್ಪೂ ಬಂತು. ಅಂದಿನಿಂದ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಸಾಹಿತ್ಯದ ಸುಪ್ರೀಂ ಕೋರ್ಟ್ ಆಗಿದೆ. ಅದರ ಮೇಲೆ ಅಪೀಲಿಲ್ಲ.

ಮೊದಲ ಕೇಸು, ಗಂಡನನ್ನು ಬಿಟ್ಟು ಬಂದು ನಗರದಲ್ಲಿ ಒಂದು ಚಂದದ ಕಾಫಿ ಶಾಪ್ ತೆರೆಯುವ ನಾಯಕಿಯದು. ನಾನು ಆ ಪುಸ್ತಕ ಮುಚ್ಚಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ, ಸೋ ಲಿಬರೇಟಿಂಗ್ ಅನ್ನಿಸಿತ್ತು. ಅವಳು ಕಲ್ಲಿನ ಮೇಲೆ ಕೂತು ಕೇಳಿದಳು:

"ಕಾಫಿ ಅಂಗ್ಡಿ ಇಡಕ್ಕೆ ಗಂಡನ್ನ ಬುಡ್ಬೇಕಾ? ನಮ್ ಗೇಟಲ್ಲಿ ಟೀ ಅಂಗ್ಡಿ ಇಟ್ಟವ್ಳಲ್ಲ, ಅವ್ಳು ಗಂಡನ್ನೇ ಲೋಟ ತೊಳಿಯಕ್ಕೆ ಇಟ್ಕಂಡವ್ಳೆ!"

"ಅದಲ್ಲ ಅಕ್ಕ, ಅವಳಿಗೆ ಫ್ರೀಡಂ ಬೇಕಿತ್ತು."

"ಬೆಳಗಾನ ಎದ್ದು ನೂರು ಜನಕ್ಕೆ ಕಾಫಿ ಕಾಸೋದು ಫ್ರೀಡಮ್ಮಾ? ಮನೇಲಿ ಇಬ್ರಿಗೆ ಕಾಸ್ತಿದ್ಲಪ್ಪ, ಸುಖವಾಗಿ. ಒಸಿ ಹೊಂದ್ಕಂಡು ಓಗ್ಬೇಕಿತ್ತು."

ಈ ಕೊನೆಯ ವಾಕ್ಯವನ್ನು ನೆನಪಿಡಿ ಎಂದು ಹೇಳುವ ಅಗತ್ಯವೇ ಇಲ್ಲ. ಅವಳು ಮರೆಯುವುದಕ್ಕೆ ಬಿಡುವವಳಲ್ಲ! ಯಾವ ಕಾದಂಬರಿ ಕೊಡಿ, ಯಾವ ನಾಯಕಿಯನ್ನು ಕೊಡಿ, ಕೋರ್ಟಿನ ಕೊನೆಯ ಸಾಲು ಅದೇ: ಹೊಂದ್ಕಂಡು ಓಗ್ಬೇಕಿತ್ತು.

ಇನ್ನೊಂದು ಪತ್ತೇದಾರಿ ಕಾದಂಬರಿ. ಹತ್ತು ಪುಟ ಓದುವಷ್ಟರಲ್ಲಿ ಕೊಲೆ ಮಾಡಿದವನು ಅಡಿಗೆಯವನೇ ಎಂದು ಅವಳು ಡಿಸೈಡ್ ಮಾಡಿಬಿಟ್ಟಳು. ಕೊನೆಯಲ್ಲಿ ನೋಡಿದರೆ ಕೊಲೆಗಾರ ಡಾಕ್ಟರು. ಒಪ್ಪಿದಳೇ? ಪುಸ್ತಕವನ್ನು ನನ್ನ ಕೈಗೆ ಬಡಿದು ಹೇಳಿದಳು: "ಬರ್ದೋನಿಗೆ ಏನ್ ಗೊತ್ತು? ಡಾಕ್ಟ್ರು ಇವ್ನಿಗೇನೋ ಅನ್ಯಾಯ ಮಾಡಿರ್ಬೇಕು, ಅದ್ಕೇ ಸಿಕ್ಕಾಕ್ಸವ್ನೆ. ಅಡಿಗೆಯೋನೇ ಕಣೇ. ಸಾರಿಗೆ ಉಪ್ಪು ಜಾಸ್ತಿ ಹಾಕ್ದ ಅಂತ ಆರನೇ ಪೇಜಲ್ಲೇ ಬರ್ದವ್ನೆ, ಮನಸು ಎಲ್ಲಿತ್ತು ಅವ್ನಿಗೆ?"

ಇಂಗ್ಲಿಷಿನಿಂದ ಅನುವಾದವಾದ ಒಂದು ಕಾದಂಬರಿ ಕೊಟ್ಟಾಗ ಹೆಸರುಗಳ ಕಾಟ ತಾಳಲಾರದೆ ಮಾರ್ಗರೆಟ್ಟಳನ್ನು ಮಾದೇವಿ ಮಾಡಿದಳು, ಆರ್ಥರನನ್ನು ಅರಸಪ್ಪ ಮಾಡಿದಳು. ಹಿಮ ಬೀಳುವ ಊರಿನಲ್ಲಿ ಅರಸಪ್ಪ ಮಾದೇವಿಗೆ ಮಂಡಿಯೂರಿ ಪ್ರಪೋಸ್ ಮಾಡಿದ ಭಾಗವನ್ನು ನನಗೆ ಹೇಳುವಾಗ ಅವಳಿಗೇ ಅನುಮಾನ ಬಂತು. "ಅಲ್ಲ, ಅಷ್ಟೊಂದು ಥಂಡೀಲಿ ಮಂಡಿ ಊರುದ್ರೆ ಎದ್ದಿದ್ದು ಎಂಗೆ?" ಮೈ ಗಾಡ್, ಆ ಪ್ರಶ್ನೆಯನ್ನು ನಮ್ಮ ಲಿಟರೇಚರ್ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ.

ಪ್ರೇಮಿಯೊಬ್ಬ ಬೆಳದಿಂಗಳಲ್ಲಿ ಕಾಡಿನೊಳಗೆ ಹಾಡುತ್ತಾ ಅಲೆಯುವ ಕಾದಂಬರಿಗೆ ಬಂದ ತೀರ್ಪು: "ವೀರನಹೊಸಹಳ್ಳಿ ಕಾಡ್ ತಾವ ಬಂದು ಅಂಗೆ ಹಾಡ್ಲಿ ನೋಡಣ. ಮಿಕ್ಕಿದ್ ಪಲ್ಲವೀನ ಆನೆ ಮುಗಿಸ್ತದೆ." ಇನ್ನು ಬಹಳ ಹೊಗಳಿಸಿಕೊಂಡ ಒಂದು ಮಾಡರ್ನ್ ಕಾದಂಬರಿ ಇದೆ, ಅದರಲ್ಲಿ ನಾಯಕ ಮಂಚದ ಮೇಲೆ ಮಲಗಿ ಸೂರು ನೋಡುತ್ತಾ ಬದುಕಿಗೆ ಅರ್ಥ ಹುಡುಕುತ್ತಾನೆ. ಅವಳು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಕೇಳಿದಳು: "ಇವ್ನು ಕೆಳಕ್ಕೆ ಇಳಿಯೋದು ಯಾವಾಗ? ನಮ್ ಬ್ಯಾರನ್ನಿಗೆ ಸೌದೆ ಹಾಕಕ್ಕೆ ಆಳು ಸಿಕ್ತಿಲ್ಲ, ಬರೇಳು."

ಬ್ಯಾರನ್ ಎಂದೆನಲ್ಲ, ಅದು ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಸೀಸನ್ನಿನಲ್ಲಿ ಅದರ ಮುಂದೆ ಹೆಂಗಸರು ಸಾಲಾಗಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾರೆ. ಆ ಹೆಂಗಸರೇ ಅವಳ ಶ್ರೋತೃಗಳು. ಓದಿದ ಕತೆಯನ್ನು ಅವಳು ಪುಸ್ತಕದ್ದೆಂದು ಹೇಳುವುದೇ ಇಲ್ಲ. ಪಕ್ಕದೂರಿನ ಸುದ್ದಿಯ ಹಾಗೆ "ಒಬ್ಳಿದ್ಲು ಕಣ್ರವ್ವ" ಎಂದು ಶುರು ಮಾಡುತ್ತಾಳೆ. ಒಮ್ಮೆ ನಾನು ಅಲ್ಲಿದ್ದಾಗ ಸೊಪ್ಪು ಕಟ್ಟುತ್ತಿದ್ದವಳೊಬ್ಬಳು ತಲೆಯೆತ್ತಿ ಕೇಳಿದಳು: "ಅಮ್ಮಾರೇ, ಓದ್ ಸಲ ಏಳಿದ್ರಲ್ಲ, ಆಯಮ್ಮ ಬಸ್ರಿ ಇದ್ಲು. ಎತ್ತಳಾ?"

ನನಗೆ ಗೊತ್ತಿತ್ತು, ಆ ಕಾದಂಬರಿಯಲ್ಲಿ ನಾಯಕಿ ರೈಲು ಹತ್ತುವುದರೊಂದಿಗೆ ಕತೆ ಮುಗಿಯುತ್ತದೆ. ಓಪನ್ ಎಂಡಿಂಗ್!

"ಎತ್ಲು," ಎಂದಳು ನನ್ನ ವಾರಗಿತ್ತಿ, ಒಂದು ಕ್ಷಣವೂ ಯೋಚಿಸದೆ. "ಗಂಡು. ಅತ್ತೇನೇ ಬಾಣಂತನ ಮಾಡುದ್ಲು."

"ಅಕ್ಕ, ಹಾಗೆಲ್ಲ ಬರೆದಿಲ್ಲವಲ್ಲ?" ಎಂದೆ ಮೆಲ್ಲಗೆ.

"ನೀನ್ ಸುಮ್ಕಿರು. ಬಸ್ರಿ ಹೆಂಗ್ಸನ್ನ ರೈಲಲ್ಲಿ ಬುಟ್ಟು ಅವ್ನು ಪೆನ್ನು ಮುಚ್ಕಂಡು ಓದ. ನಾನೂ ಬುಟ್ಬುಡ್ಲಾ?"

ನಗುತ್ತಿದ್ದೀರಾ? ನಗಿ. ನಾನೂ ನಗುತ್ತಿದ್ದೆ, ಈ ವರ್ಷದ ಆಷಾಢದವರೆಗೆ.

ಅವಳ ಒಬ್ಬಳೇ ಮಗಳು ರೂಪ. ಸರಗೂರಿಗೆ ಕೊಟ್ಟಿದ್ದರು. ಅಳಿಯನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಬಿಳಿ ಷರಟು, ನಗುಮುಖ, ಎಲ್ಲರಿಗೂ ಎರಡು ಕೈ ಜೋಡಿಸಿ ನಮಸ್ಕಾರ. ಹೊಸದಾಗಿ ಮದುವೆಯಾದವಳು ಆಷಾಢಕ್ಕೆ ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ರೂಪ ಹೊಸಬಳಲ್ಲ. ಆದರೂ ಆಷಾಢಕ್ಕೆ ಬಂದಳು. ಶ್ರಾವಣ ಬಂತು, ಅವಳು ಹೋಗಲಿಲ್ಲ. ಗೌರಿ ಹಬ್ಬವೂ ಆಯಿತು, ಹೋಗಲಿಲ್ಲ. ಬಂದ ದಿನ ಅವಳ ಮೊಣಕೈ ಮೇಲೆ ಒಂದು ಕಪ್ಪು ಕಲೆ ಇತ್ತು.

"ಏನೇ ಅದು?" ಎಂದೆ.

"ಬಾಗಿಲು ತಗುಲ್ತು ಚಿಕ್ಕಮ್ಮ."

ಎಷ್ಟು ಕೆಟ್ಟ ಬಾಗಿಲುಗಳಿರುತ್ತವೆ ನೋಡಿ ಕೆಲವು ಮನೆಗಳಲ್ಲಿ! ಹೆಂಗಸರಿಗೆ ಮಾತ್ರ ತಗಲುತ್ತವೆ.

ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಭಾವನವರು ಜಗಲಿಯಲ್ಲಿ ಕೂತು ಊರಿಗೆಲ್ಲ ಕೇಳುವ ಹಾಗೆ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಾ, ನಡುನಡುವೆ "ಕಳ್ಸೋ ದಾರಿ ನೋಡು" ಎನ್ನುತ್ತಿದ್ದರು. ನನ್ನ ವಾರಗಿತ್ತಿ ಮಗಳಿಗೆ ಎರಡು ಹೊತ್ತು ಬಿಸಿ ಮುದ್ದೆ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಒಂದೇ ಒಂದು ಮಾತನ್ನೂ ಕೇಳದೆ ಒಳಗೆ ಹೊರಗೆ ಓಡಾಡುತ್ತಿದ್ದಳು. ನಾನು? ನಾನು ಚಿಕ್ಕಮ್ಮ, ಅದೂ ಭಾಗವಾದ ಮನೆಯ ಚಿಕ್ಕಮ್ಮ. ಇನ್ನೊಂದು ಅಡಿಗೆಮನೆಯ ಮಗಳ ವಿಷಯದಲ್ಲಿ ತಲೆ ಹಾಕುವುದು ಬ್ಯಾಡ್ ಮ್ಯಾನರ್ಸ್.

ಹಾಗಾಗಿ ನಾವಿಬ್ಬರೂ ರೂಪನ ವಿಷಯವನ್ನು ಕಾದಂಬರಿಗಳ ಮೇಲೆ ಹಾಕಿ ಜಗಳವಾಡತೊಡಗಿದೆವು. ನಾನು ಬೇಕೆಂದೇ ಗಂಡನ ಮನೆ ಬಿಟ್ಟುಬಂದವರ ಕತೆಗಳನ್ನೇ ಹುಡುಕಿ ಕೊಡುತ್ತಿದ್ದೆ. ಒಬ್ಬಳು ಟೀಚರ್ ಆದಳು, ಒಬ್ಬಳು ಹೊಲಿಗೆ ಮೆಷೀನ್ ಇಟ್ಟಳು, ಇನ್ನೊಬ್ಬಳು ಕೋರ್ಟಿಗೆ ಹೋಗಿ ಗೆದ್ದಳು. ಅವಳು ಒಬ್ಬೊಬ್ಬರನ್ನೇ ಕಲ್ಲಿನ ಮೇಲೆ ಕುಕ್ಕಿ ಒಗೆದು ವಾಪಸ್ ಕಳಿಸುತ್ತಿದ್ದಳು.

"ಎಲ್ಲಾ ಬುಟ್ಟು ಬಂದೋರೇ! ಬರೆಯೋರಿಗೆ ಸಂಸಾರ ಮಾಡೋಳು ಒಬ್ಳೂ ಸಿಕ್ಕಲ್ವಾ?"

"ಸಂಸಾರ ಅಂತ ಹೊಡೆಸಿಕೊಂಡು ಇರಬೇಕಾ ಅಕ್ಕ?"

"ನಾನು ಪುಸ್ತಕದ ಮಾತಾಡ್ತಾ ಇವ್ನಿ."

"ನಾನೂ ಪುಸ್ತಕದ ಮಾತೇ ಆಡ್ತಾ ಇದ್ದೀನಿ."

"ಹಂಗಾರೆ ಸರಿ," ಎಂದು ಬಕೆಟ್ ಎತ್ತಿಕೊಂಡು ಹೋದಳು. ಒಳಗೆ ರೂಪ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

ನನಗೆ ಯಾಕಿಷ್ಟು ಸಂಕಟ ಎಂದು ಕೇಳುತ್ತೀರೇನೋ. ಮದುವೆಯಾದ ಹೊಸತರಲ್ಲಿ ನಾನೂ ಒಮ್ಮೆ ಟ್ರಂಕು ಹಿಡಿದು ಮೈಸೂರಿನ ತವರಿಗೆ ಹೋಗಿದ್ದೆ. ನನಗೆ ಬಾಗಿಲು ತಗುಲಿರಲಿಲ್ಲ. ಮಾತು ತಗುಲಿತ್ತು, ಅಷ್ಟೇ. ಆದರೆ ವಾಪಸ್ ಬರಬಾರದೆಂದೇ ಹೋಗಿದ್ದೆ. ನಮ್ಮಮ್ಮ ಓದಿದವಳು. ಮನೆಯಲ್ಲಿ ಪಿಯಾನೋ ಇರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ ಉಳಿದಂತೆ ಪೂರಾ ಲೇಡಿ. ವಾರ ತುಂಬುವ ಮೊದಲೇ ನನ್ನನ್ನು ಮಣೆ ಮೇಲೆ ಕೂರಿಸಿ, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಸೆರಗಿಗೆ ಹಾಕಿ ಮಡಿಲಕ್ಕಿ ಕಟ್ಟಿದಳು. ಮಡಿಲು ತುಂಬದೆ ಮಗಳನ್ನು ಹೊಸ್ತಿಲು ದಾಟಿಸುವಂತಿಲ್ಲ. ತುಂಬಿದ ಮೇಲೆ ಮಗಳು ನಿಲ್ಲುವಂತಿಲ್ಲ. ಕೆನ್ನೆ ಸವರಿ, "ಅಡ್ಜಸ್ಟ್ ಮಾಡ್ಕೊ, ಡಾರ್ಲಿಂಗ್" ಎಂದಳು. ನಮ್ಮಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ನನ್ನ ವಾರಗಿತ್ತಿ ಕನ್ನಡದಲ್ಲಿ ಹೇಳುತ್ತಾಳೆ. ಭಾಷೆ ಬೇರೆ, ಹತ್ತಿಸುವ ಬಸ್ಸು ಒಂದೇ. ಹುಣಸೂರಿನವರೆಗೂ ಆ ಅಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಎಷ್ಟು ಭಾರವಿತ್ತು ಎಂದು ಕೇಳಬೇಡಿ.

ಗೌರಿ ಹಬ್ಬ ಕಳೆದ ಮೇಲೆ ಸರಗೂರಿನಿಂದ ಫೋನ್ ಬಂತು. ಬರುವ ಗುರುವಾರ ಹಿರಿಯರನ್ನು ಕರೆದುಕೊಂಡು ಬರುತ್ತಾರಂತೆ, ಹುಡುಗಿಯನ್ನು ಕಳಿಸಿಕೊಡಬೇಕಂತೆ. ಭಾವನವರು "ಬನ್ನಿ ಬನ್ನಿ, ಅದಕ್ಕೇನಂತೆ" ಎಂದರು. ಅಂದು ಸಂಜೆ ಜಗಲಿಯಲ್ಲಿ ರೀಲ್ಸಿನ ಸದ್ದು ಇನ್ನೂ ಜೋರಾಗಿತ್ತು.

ನನಗೆ ಮಾಡುವುದಕ್ಕೆ ಒಂದೇ ಕೆಲಸ ಗೊತ್ತಿತ್ತು. ಬೀರುವಿನಿಂದ ಒಂದು ತೆಳ್ಳನೆಯ ಕಾದಂಬರಿ ತೆಗೆದು ಅವಳಿಗೆ ಕೊಟ್ಟೆ. ಒಂದು ತಿಂಗಳ ಹಿಂದೆ ನಾನು ಓದಿದ್ದು. ಅದರಲ್ಲಿ ನಾಯಕಿಗೆ ಹೆಸರಿಲ್ಲ, ಊರಿಗೂ ಹೆಸರಿಲ್ಲ. ಅವಳು ಗಂಡನ ಮನೆ ಬಿಟ್ಟು ಬರುತ್ತಾಳೆ, ಕರೆಯಲು ಬರುತ್ತಾರೆ, ಹೋಗುತ್ತಾಳೆ. ಮತ್ತೆ ಬರುತ್ತಾಳೆ, ಮತ್ತೆ ಕರೆಯಲು ಬರುತ್ತಾರೆ, ಮತ್ತೆ ಹೋಗುತ್ತಾಳೆ. ಕೊನೆಗೊಂದು ಬೆಳಗ್ಗೆ ಕೆರೆಯಲ್ಲಿ ಸಿಗುತ್ತಾಳೆ. ಒಂದು ಕಡೆಯೂ ಕಣ್ಣೀರಿಲ್ಲ, ಕೂಗಾಟವಿಲ್ಲ. ವಾಟ್ ರಿಸ್ಟ್ರೇಂಟ್ ಎಂದು ನಾನು ತಲೆದೂಗಿದ್ದೆ.

ಬುಧವಾರ ಮಧ್ಯಾಹ್ನ ಹಿತ್ತಲಿಗೆ ಬಂದವಳು ಖುಷಿಯಲ್ಲಿದ್ದಳು. "ಈಗ ಒಂದು ಒಳ್ಳೇ ಪುಸ್ತಕ ಕೊಟ್ಟೆ ಕಣೇ ಕಾನ್ವೆಂಟು. ಅರ್ಧ ಆಗದೆ. ಎಷ್ಟ್ ಚೆನ್ನಾಗಿ ಹೊಂದ್ಕಂಡು ಓಗ್ತಾವ್ಳೆ!"

"ಪೂರ್ತಿ ಓದಿ ಅಕ್ಕ," ಎಂದೆ.

ಸಂಜೆ ತೀರ್ಪು ಬರಲಿಲ್ಲ. ಪುಸ್ತಕವೂ ಬರಲಿಲ್ಲ. ಅವರ ಅಡಿಗೆಮನೆಯ ದೀಪದ ಕೆಳಗೆ ಅವಳು ಕೂತಿದ್ದು ಕಂಡಿತು, ಮಡಿಲಲ್ಲಿ ಮುಚ್ಚಿದ ಪುಸ್ತಕ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಅವಳು ಏಳಲಿಲ್ಲ.

ಗುರುವಾರ ಹೇಳಿದ ಹೊತ್ತಿಗೆ ಸರಿಯಾಗಿ ಕಾರು ಬಂತು. ಅಳಿಯ, ಅವನ ತಾಯಿ, ಜೊತೆಗೆ ಅವರ ಕುಲದ ಹಿರಿಯರೊಬ್ಬರು, ದಪ್ಪ ಮೀಸೆ, ಹೆಗಲಲ್ಲಿ ಜರಿ ಶಲ್ಯ. ಹಣ್ಣು ತಂದರು, ಹೂವು ತಂದರು. ಅಳಿಯ ಎರಡು ಕೈ ಜೋಡಿಸಿದ. ಭಾವನವರು ಮೊಬೈಲ್ ಆಫ್ ಮಾಡಿದರು, ಸನ್ನಿವೇಶದ ಗಂಭೀರತೆ ನಿಮಗೆ ಇದರಿಂದಲೇ ಗೊತ್ತಾಗಬೇಕು. ನನ್ನನ್ನೂ ಕರೆದಿದ್ದರು. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಒಳಗೆ ರೂಪ ತನ್ನ ಬ್ಯಾಗು ತುಂಬಿಟ್ಟುಕೊಂಡು, ಮುಖ ತೊಳೆದು, ಮಣೆಯ ಪಕ್ಕ ನಿಂತಿದ್ದಳು. ಯಾರಾದರೂ ಕರೆದರೆ ಸಾಕು, ಬಂದು ಕೂತು ಸೆರಗು ಒಡ್ಡುವವಳ ಹಾಗೆ.

ಕಾಫಿ ಬಂತು. ಹಿರಿಯರು ಲೋಟ ಕೈಗೆ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು.

"ನೋಡವ್ವ, ಗಂಡ ಹೆಂಡ್ತಿ ಅಂದ್ಮ್ಯಾಲೆ ಒಂದು ಮಾತು ಬತ್ತದೆ, ಒಂದು ಮಾತು ಓಯ್ತದೆ. ನಮ್ ಹುಡ್ಗಂಗೂ ಬುದ್ಧಿ ಏಳಿವ್ನಿ. ಎಣ್ಮಕ್ಳು ಒಸಿ ಹೊಂದ್ಕಂಡು ಓಗ್ಬೇಕು. ಮಡ್ಲು ತುಂಬ್ಸಿ ಕಳ್ಸುಬುಡು."

ಅದೇ ವಾಕ್ಯ! ಅವಳದೇ ವಾಕ್ಯ, ಅವಳದೇ ತೀರ್ಪು, ಹೆಚ್ಚುಕಡಿಮೆ ಅಕ್ಷರ ಬದಲಾಗದೆ. ನಾನು ಅವಳ ಮುಖ ನೋಡಿದೆ. ಕಂಬಕ್ಕೆ ಒರಗಿ ನಿಂತವಳು, ಯಾರೋ ತನ್ನ ಸೀರೆಯನ್ನು ಉಟ್ಟುಕೊಂಡು ಎದುರಿಗೆ ಬಂದರೆ ನೋಡುವ ಹಾಗೆ ಆ ಹಿರಿಯರನ್ನು ನೋಡುತ್ತಿದ್ದಳು.

"ತುಂಬ್ಸಂಗಿಲ್ಲ ಯಜಮಾನ್ರೇ," ಎಂದಳು. "ನಮ್ಗೆ ಸೂತಕ."

ಹಿರಿಯರ ಲೋಟ ತುಟಿಯ ಹತ್ತಿರ ನಿಂತಿತು. ಭಾವನವರು ಅರ್ಧ ಎದ್ದರು. "ಸೂತ್ಕಾನಾ? ಯಾರೇ ಓದ್ರು?"

"ನಿನ್ನೆ ಸಂಜೆ ಗೊತ್ತಾಯ್ತು. ಕೆರೇಲಿ ಸಿಕ್ಕವ್ಳೆ."

"ಯಾವೂರವ್ವ?" ಎಂದರು ಹಿರಿಯರು.

"ಊರ್ ಎಸ್ರು ಏಳಿಲ್ಲ."

"ವಯಸ್ಸಾಗಿತ್ತಾ?"

"ಎಲ್ಲಿಂದ? ನಮ್ ರೂಪನ್ ವಯಸ್ಸು." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬ್ಯಾರನ್ ಮುಂದೆ ಕತೆ ಹೇಳುವ ದನಿ ಅಲ್ಲ ಅದು. ಅಷ್ಟು ಸಣ್ಣ ದನಿ ಅವಳಿಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. "ತವ್ರಿಗೆ ಬಂದಿದ್ಲು. ಗಂಡ ಕರ್ಕಂಡು ಓಗಕ್ಕೆ ಬಂದ. ಹಣ್ಣು ತಂದಿದ್ದ, ಹೂವ ತಂದಿದ್ದ. ಜೊತೇಲಿ ನಿಮ್ಮಂಗೆ ದೊಡ್ಡೋರೂ ಬಂದಿದ್ರು. ಹೊಂದ್ಕಂಡು ಓಗವ್ವ ಅಂದ್ರು. ಓದ್ಲು."

ಅವಳು ಅಳಿಯನ ಕಡೆ ತಿರುಗಿದಳು. "ಅವ್ಳ ಗಂಡಾನೂ ನಿಮ್ಮಂಗೇ ಕಣಪ್ಪ. ಬಾಳ ಒಳ್ಳೇವ್ನು ಅಂತ ಎಲ್ರೂ ಏಳೋರು."

ಅಳಿಯ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. ಅವನ ತಾಯಿಗೆ ಅನುಮಾನ. "ನಮ್ಗೊಂದು ಫೋನ್ ಮಾಡ್ಬಾರ್ದಾಗಿತ್ತಾ? ಯಾರ್ ಕಡೆಯೋಳು ಅವ್ಳು?"

"ನಮ್ ಕಡೆಯೋಳೇ," ಎಂದಳು ನನ್ನ ವಾರಗಿತ್ತಿ.

ಭಾವನವರು ದಾರಿ ಕಾಣದೆ ನನ್ನ ಕಡೆ ನೋಡಿದರು. "ಏನಮ್ಮ ಇದು? ನಿಂಗೇನಾರ ಗೊತ್ತಾ?"

ಸಿಸ್ಟರ್‌ಗಳು ನಮಗೆ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ನಾನು ಹೇಳಲೂ ಇಲ್ಲ. "ಗೊತ್ತು ಭಾವ," ಎಂದೆ. "ನನಗೆ ಒಂದು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಅಕ್ಕನಿಗೆ ನಿನ್ನೆ ಗೊತ್ತಾಯಿತು, ಅಷ್ಟೇ."

ಓದಿದವಳು, ಕನ್ನಡಕ ಹಾಕಿದವಳು ಹೇಳಿದ ಮೇಲೆ ಮುಗಿಯಿತಲ್ಲ! ಹಿರಿಯರು ಇರುವೆ ಕಚ್ಚಿದವರ ಹಾಗೆ ಕಾಫಿ ಲೋಟವನ್ನು ಕೆಳಗಿಟ್ಟರು. ಸೂತಕದ ಮನೆಯ ಕಾಫಿ, ಒಂದು ಗುಟುಕು ಆಗಲೇ ಒಳಗೆ ಹೋಗಿಬಿಟ್ಟಿತ್ತು! "ಮೊದ್ಲೇ ಏಳ್ಬಾರ್ದಾಗಿತ್ತಾ? ಇನ್ನು ನಾವೂ ತಲೆಗೆ ನೀರ್ ಹುಯ್ಕಬೇಕು," ಎಂದು ಶಲ್ಯ ಕೊಡವಿಕೊಂಡು ಎದ್ದರು. ಹೊಸ್ತಿಲಲ್ಲಿ ನಿಂತು, "ಆಗ್ಲಿ, ಸೂತ್ಕ ಕಳೀಲಿ, ಆಮ್ಯಾಕೆ ಬತ್ತೀವಿ," ಎಂದರು.

"ಇದು ಬೇಗ ಕಳೆಯೋ ಸೂತ್ಕ ಅಲ್ಲ ಯಜಮಾನ್ರೇ," ಎಂದಳು ಅವಳು.

ಕಾರು ಹೋಯಿತು. ಧೂಳು ಅಡಗುವ ಮೊದಲೇ ಭಾವನವರಿಗೆ ಬುದ್ಧಿ ಓಡಿತ್ತು. ಅಡಿಗೆಮನೆಯ ಗೂಡಿನಲ್ಲಿದ್ದ ಆ ತೆಳ್ಳನೆಯ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಕೂಗಾಡಿದರು. "ಪುಸ್ತಕದಾಗೆ ಸತ್ತೋಳಿಗೆ ಸೂತ್ಕ ಅಂತೀಯಲ್ಲ, ತಲೆ ನೆಟ್ಟಗದಾ? ನಾಳೆ ಗೊತ್ತಾದ್ರೆ ನನ್ ಮರ್ವಾದಿ ಏನಾಗ್ಬೇಕು?"

"ಗೊತ್ತಾಗ್ಲಿ," ಎಂದಳು. "ಪುಸ್ತಕದ ಸೂತ್ಕ ಹಿಡ್ಕಂಡ್ರೆ ಮರ್ವಾದಿ ಓಯ್ತದೆ. ಮನೇ ಸೂತ್ಕ ಹಿಡ್ಕಂಡ್ರೆ ಮಗ್ಳು ಓಯ್ತಾಳೆ. ಯಾವ್ದು ಬೇಕು ನೋಡ್ಕಳಿ. ನನ್ ಕೈಲಿ ಇನ್ ಅವ್ಳಿಗೆ ಮಡ್ಲಕ್ಕಿ ಕಟ್ಟಕ್ಕಾಗಲ್ಲ."

ಭಾವನವರು ಪುಸ್ತಕವನ್ನು ಗೂಡಿನಲ್ಲಿಟ್ಟು ಜಗಲಿಗೆ ಹೋದರು. ರೀಲ್ಸ್ ಸದ್ದು ಬರಲಿಲ್ಲ.

ನಾನು ನನ್ನ ಅಡಿಗೆಮನೆಗೆ ಬಂದು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಹಿತ್ತಲಿನಲ್ಲಿ ನೀರು ಸುರಿಯುವ ಸದ್ದು. ಹೋಗಿ ನೋಡಿದರೆ ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಉಟ್ಟ ಸೀರೆಯಲ್ಲೇ ಕೂತು, ತಲೆಯ ಮೇಲೆ ತಣ್ಣೀರು ಹೊಯ್ದುಕೊಳ್ಳುತ್ತಿದ್ದಾಳೆ. ಚೊಂಬಿನ ಮೇಲೆ ಚೊಂಬು.

"ಅಕ್ಕ, ಏನು ಇದು? ಅವರು ಹೋದರಲ್ಲ, ನಾಟಕ ಮುಗೀತಲ್ಲ?"

"ಯಾರ್ ನಾಟ್ಕ ಆಡಿದ್ದು?" ಎಂದಳು. ಬಿಳಿ ಕೂದಲು ಮುಖಕ್ಕೆ ಅಂಟಿಕೊಂಡಿತ್ತು. "ಅಲ್ಲ ಕಣೇ, ಆ ಮನೆ ಬಾಗ್ಲು ಯಾವ್ ಬಣ್ಣ ಅಂತ ಬರ್ದವ್ನೆ. ಹಸ ಎಷ್ಟ್ ಹಾಲು ಕರೀತಿತ್ತು ಅಂತ ಬರ್ದವ್ನೆ. ಅವ್ಳ ಅವ್ವ ಎಲ್ಲಿದ್ಲು? ಎಲ್ಡು ಸಲ ತವ್ರಿಗೆ ಬಂದ್ಲಲ್ಲ, ಅಲ್ಲಿ ಅವ್ವ ಅನ್ನೋಳು ಇದ್ಲೋ ಇಲ್ವೋ? ಪೇಜ್ ತಿರುವಿ ತಿರುವಿ ಹುಡುಕ್ದೆ. ಒಂದ್ ಸಾಲಿಲ್ಲ. ಇದ್ದಿದ್ರೆ ಬಂದು ನೀರಾದ್ರೂ ಹುಯ್ಕತಿದ್ಲು."

ಆ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೆ. ಪೆನ್ಸಿಲ್ ಹಿಡಿದು ಓದಿದ್ದೆ. ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎಂದು ಹೇಳಲೇ? ತವರಿನಿಂದ ವಾಪಸ್ ಹೊರಟವಳ ಹಿಂದೆ ತಾಯಿಯೊಬ್ಬಳು ನಿಂತಿರಬೇಕಿತ್ತು ಎನ್ನುವುದೇ ನನಗೆ ಹೊಳೆದಿರಲಿಲ್ಲ. ಇಲ್ಲದಿರುವುದೇ ನನಗೆ ರೂಢಿಯಾಗಿತ್ತು.

"ಗೊತ್ತಿಲ್ಲ ಅಕ್ಕ," ಎಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಲವತ್ತು ಚಿಲ್ಲರೆ ವರ್ಷ ಒಂದೇ ಹಿತ್ತಲಿನಲ್ಲಿ ಬದುಕಿದವಳು. ನಾನು ಮಡಿಲಕ್ಕಿ ಹೊತ್ತು ಗೇಟಿನಲ್ಲಿ ಬಸ್ಸಿಳಿದು ಬಂದ ದಿನ ಬಾಗಿಲು ತೆರೆದವಳು ಅವಳೇ. ಕಲ್ಲಿನ ಮೇಲೆ ಪಕ್ಕಕ್ಕೆ ಸರಿದಳು.

"ಬಾ, ನೀನೂ ಕೂತ್ಕ. ನಿಂಗೂ ಆಗ್ಬೇಕಾದೋಳೇ ಅಲ್ವಾ ಅವ್ಳು."

ಕೂತೆ. ನನ್ನ ಇಸ್ತ್ರಿ ಸೀರೆ, ನನ್ನ ಮಂಡಿನೋವು, ನನ್ನ ಡಿಗ್ನಿಟಿ ಎಲ್ಲವನ್ನೂ ಕಟ್ಟಿಕೊಂಡು ಆ ಒದ್ದೆ ಕಲ್ಲಿನ ಮೇಲೆ ಕೂತೆ. ಅವಳು ನನ್ನ ಕನ್ನಡಕವನ್ನು ತೆಗೆದು ಪಕ್ಕಕ್ಕಿಟ್ಟು, ಎಳೆ ಮಗುವಿಗೆ ಹಾಕುವ ಹಾಗೆ ಹಣೆಗೆ ಕೈ ಅಡ್ಡ ಹಿಡಿದು, ಒಂದು ಚೊಂಬು ನೀರನ್ನು ನನ್ನ ನೆತ್ತಿಯ ಮೇಲೆ ನಿಧಾನವಾಗಿ ಸುರಿದಳು.

ಟವೆಲ್ ಹಿಡಿದುಕೊಂಡು ಓಡಿಬಂದ ರೂಪ ನಮ್ಮಿಬ್ಬರನ್ನೂ ನೋಡಿ ಅಲ್ಲೇ ನಿಂತಳು. "ಏನ್ ಇಬ್ರಿಗೂ ಹುಚ್ಚಾ? ಶೀತ ಹಿಡೀತದೆ, ಏಳಿ! ಅವ್ವ, ನಿಜ್ವಾಗ್ಲೂ ಯಾರ್ ಸತ್ತಿದ್ದು?"

"ಯಾರೂ ಸತ್ತಿಲ್ಲ ಬುಡು," ಎಂದಳು ಅವಳು, ಸೆರಗು ಹಿಂಡುತ್ತಾ. "ಒಳಿಕ್ಕೋಗಿ ಆ ಬ್ಯಾಗಲ್ಲಿರೋ ಬಟ್ಟೆ ತೆಗ್ದು ಬೀರುಗೆ ಜೋಡಿಸ್ಕೊ. ಆಮ್ಯಾಕೆ ಮೂರ್ ಲೋಟ ಕಾಫಿ ಇಡು."